ಬಾಗಿಲ ಹೊರಗಿನ ಗಂಟೆಗಳು

ನಿಮ್ಮ ಕಾಲೇಜು ಬೆಲ್ಲಾರಿಯಿಂದ ಬಳ್ಳಾರಿಗೆ ಯಾವ ವರ್ಷ ಸ್ಥಳಾಂತರವಾಯಿತು ಎಂದು ಕೇಳಿ ಒಮ್ಮೆ ಅಮೆರಿಕದಿಂದ ಪತ್ರ ಬಂದಿತ್ತು. ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೇಳಿದವರದೇನೂ ತಪ್ಪಿರಲಿಲ್ಲ. ಅಲ್ಲಿಗೆ ನರ್ಸಾಗಿ ಹೋಗಲು ಅರ್ಜಿ ಹಾಕಿದ್ದ ನಮ್ಮ ಹಳೆಯ ಹುಡುಗ ಓದು ಮುಗಿಸಿದ್ದು 2012ರಲ್ಲಿ; ಅವನ ಅಂಕಪಟ್ಟಿಗಳ ಮೇಲೆ ಊರಿನ ಹೆಸರು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿತ್ತು. ನಾನು ತುಂಬಿ ಕಳಿಸಿದ ನಮೂನೆಯ ಕೆಳಗಿನ ಸೀಲಿನಲ್ಲಿ ಹೊಸ ಕಾಗುಣಿತ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ನಮ್ಮದೂ ಬದಲಾಯಿತು. ಹುಟ್ಟಿದಾಗಿನಿಂದ ಬಳ್ಳಾರಿ ಎಂದೇ ಅನ್ನುತ್ತ ಬಂದ ನಮಗೆ ಅದು ಹೊಸ ರಬ್ಬರ್ ಸೀಲು ಮಾಡಿಸಿದ ಖರ್ಚು, ಅಷ್ಟೇ. ಅಲ್ಲಿ ಕುಳಿತು ಕಾಗದ ನೋಡುವವರಿಗೆ ಅವು ಎರಡು ಊರು. ಸರ್ಕಾರಿ ಅಧಿಸೂಚನೆಯ ಪ್ರತಿ ಹುಡುಕಿ, ಪ್ರಾಂಶುಪಾಲರ ಪತ್ರ ಇಟ್ಟು ಕಳಿಸಿದೆವು. ಹುಡುಗನ ಕಡತ ಮತ್ತೆ ಅಲುಗಾಡಲು ಎರಡು ತಿಂಗಳು ಹಿಡಿಯಿತು.

ಬಳ್ಳಾರಿಯ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ನನ್ನ ವಿಷಯ ಪ್ರಸೂತಿ ಶುಶ್ರೂಷೆ. ವಿದೇಶಕ್ಕೆ ಹೊರಟ ಹಳೆಯ ವಿದ್ಯಾರ್ಥಿಗಳ ನಮೂನೆ ತುಂಬುವುದು ನನ್ನ ಕೆಲಸವಲ್ಲ. ಮೊದಲಿದ್ದ ಗುಮಾಸ್ತರು ನಿವೃತ್ತರಾದಾಗ, ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆ ಕಡತಗಳು ನನ್ನ ಮೇಜಿಗೆ ಬಂದವು, ಅಲ್ಲೇ ಉಳಿದವು. ಮಸ್ಕತ್‌ನಿಂದ ರಜೆಗೆ ಬಂದವರು, ಎರಡು ಮಕ್ಕಳಾದ ಮೇಲೆ ಮತ್ತೆ ಆಸೆ ಚಿಗುರಿದವರು, ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ರೈಲು ಹತ್ತಿ ಬಂದವರು. ಬಾಗಿಲಲ್ಲೇ “ಮೇಡಂ, ಟ್ರಾನ್ಸ್‌ಕ್ರಿಪ್ಟ್” ಎನ್ನುತ್ತಾರೆ. ಎಂದರೆ ಓದಿದ್ದರ ಪೂರ್ತಿ ವಿವರಪಟ್ಟಿ. ನಮಸ್ಕಾರ ಆಮೇಲೆ.

ಹೊರಗಿನಿಂದ ನೋಡುವವರಿಗೆ ಇದು ಸರ್ಟಿಫಿಕೇಟು ತೋರಿಸಿ ಕೆಲಸಕ್ಕೆ ಸೇರುವ ಮಾತು ಅನ್ನಿಸುತ್ತದೆ. ಇಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಮಾಡಿಸಿಕೊಂಡವಳು ವಿಮಾನ ಇಳಿದ ಮೇಲೆ ನರ್ಸ್ ಅಲ್ಲ, ನರ್ಸ್ ಆಗಬಯಸುವ ಅರ್ಜಿದಾರಳು. ಅಮೆರಿಕಕ್ಕಾದರೆ ಅವಳ ಓದನ್ನು ಬಿಡಿಬಿಡಿಯಾಗಿ ಬಿಚ್ಚಿ ತೋರಿಸಬೇಕು. ವಯಸ್ಕರ ಶುಶ್ರೂಷೆಗೆ ಎಷ್ಟು ಗಂಟೆ, ತಾಯಿ ಮತ್ತು ಶಿಶುವಿನದಕ್ಕೆ ಎಷ್ಟು, ಮಕ್ಕಳದಕ್ಕೆ ಎಷ್ಟು, ಮಾನಸಿಕ ಆರೋಗ್ಯದ್ದು ಎಷ್ಟು. ಪ್ರತಿಯೊಂದರಲ್ಲೂ ತರಗತಿಯ ಗಂಟೆ ಬೇರೆ, ವಾರ್ಡಿನ ಗಂಟೆ ಬೇರೆ. ಈ ಲೆಕ್ಕ ಕಾಲೇಜಿನಿಂದಲೇ ನೇರವಾಗಿ ಹೋಗಬೇಕು, ಲಕೋಟೆಯ ಬಾಯಿಯ ಮೇಲೆ ಸೀಲು ಬಿದ್ದಿರಬೇಕು. ಹುಡುಗಿಯ ಕೈಯಲ್ಲಿ ಒಮ್ಮೆ ಬಂತೆಂದರೆ ಅದಕ್ಕೆ ಬೆಲೆಯಿಲ್ಲ. ನೋಂದಣಿಯ ದೃಢೀಕರಣ ಕೌನ್ಸಿಲಿನಿಂದ ಹೋಗಬೇಕು; ಅದಕ್ಕೆ ಸಂಜೆ ಕೊಪ್ಪಳದಲ್ಲೋ ರಾತ್ರಿ ಬಳ್ಳಾರಿಯಲ್ಲೋ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಅಲೆದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಇಂಥ ಪರಿಶೀಲನೆ ಮಾಡುವ ಸಂಸ್ಥೆಗಳಲ್ಲಿ ಹೆಸರಾದದ್ದು 1977ರಲ್ಲಿ ಹುಟ್ಟಿದ ಸಿಜಿಎಫ್‌ಎನ್‌ಎಸ್. 2025ರಲ್ಲಿ ಅದು ಟ್ರೂಮೆರಿಟ್ ಎಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಿಸುವುದು ನಮ್ಮ ಊರುಗಳಿಗೆ ಮಾತ್ರ ಬಂದ ರೋಗವಲ್ಲ.

ಅರ್ಜಿದಾರರ ಸ್ವಂತ ಹೆಸರಿನ ಗೋಳು ಬೇರೆಯೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯ ನಂತರ ಗಂಡನದು. ಅದನ್ನು ಬರೆಯಲು ಹೋದರೆ ಇದು ಮುಗಿಯುವುದಿಲ್ಲ.

ಗಂಟೆಗಳ ಮಾತಿಗೆ ಬರುತ್ತೇನೆ. ಯುರೋಪಿನ ಒಕ್ಕೂಟಕ್ಕೆ ಈ ವಿಷಯದಲ್ಲಿ ಒಂದು ನಿಯಮವಿದೆ: ಸಾಮಾನ್ಯ ಶುಶ್ರೂಷೆಯ ತರಬೇತಿ ಎಂದರೆ ಕನಿಷ್ಠ ಮೂರು ವರ್ಷ, 4,600 ಗಂಟೆ, ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಾಗದಂತೆ ಪಾಠ, ಅರ್ಧಕ್ಕೆ ಕಡಿಮೆಯಾಗದಂತೆ ರೋಗಿಯ ಬಳಿಯ ಕೆಲಸ. ಜರ್ಮನಿಗೆ ಹೋಗುವವರ ಕಾಗದವನ್ನು ಅಲ್ಲಿನವರು ತಮ್ಮ ತರಬೇತಿಯ ಪಕ್ಕ ಇಟ್ಟು ನೋಡಿ, ಎಲ್ಲಿ ಎಷ್ಟು ಕೊರತೆ ಇದೆ ಎಂದು ಬರೆದು ಕಳಿಸುತ್ತಾರೆ. ಆ ಕೊರತೆಯನ್ನು ಅಲ್ಲಿ ಪರೀಕ್ಷೆ ಬರೆದೋ, ಕೆಲವು ತಿಂಗಳು ಮತ್ತೆ ತರಬೇತಿ ಪಡೆದೋ ತುಂಬಿಕೊಡಬೇಕು. ನಮ್ಮ ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಠ್ಯಕ್ರಮದಲ್ಲೂ ಗಂಟೆಗಳಿಗೆ ಬರವಿಲ್ಲ. 2021ರಲ್ಲಿ ಸೆಮಿಸ್ಟರ್ ಪದ್ಧತಿ ಬರುವ ಮೊದಲಿನ ಬಿ.ಎಸ್ಸಿ.ಯಲ್ಲಿ ಮಕ್ಕಳ ಶುಶ್ರೂಷೆಗೆ 90 ಗಂಟೆ ಪಾಠ, 270 ಗಂಟೆ ವಾರ್ಡು. ಮಾನಸಿಕ ಆರೋಗ್ಯಕ್ಕೂ ಅಷ್ಟೇ. ನನ್ನ ವಿಷಯಕ್ಕೆ ನಾಲ್ಕನೇ ವರ್ಷದಲ್ಲಿ 90 ಮತ್ತು 180, ಇಂಟರ್ನ್‌ಶಿಪ್ಪಿನದು ಬೇರೆ.

ಹಾಗಾಗಿ ನಮೂನೆ ತುಂಬುವುದು ಸುಲಭ. ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಅದು. ಪಠ್ಯಕ್ರಮ 270 ಅನ್ನುತ್ತದೆ, ಹುಡುಗ ಪಾಸಾಗಿದ್ದಾನೆ, ಆದ್ದರಿಂದ ಅವನು 270 ಗಂಟೆ ಮಾಡಿದ್ದಾನೆ. ಹಾಜರಾತಿ ಪುಸ್ತಕ ತೆಗೆದು ಒಂದೊಂದು ದಿನ ಕೂಡಿಸಿದವರನ್ನು ನಾನು ಈ ಊರಿನಲ್ಲಿ ಕಂಡಿಲ್ಲ, ನನ್ನನ್ನೂ ಸೇರಿಸಿ. ಮಾನಸಿಕ ಆರೋಗ್ಯದ ಪೋಸ್ಟಿಂಗ್ ಒಂದರ ಲೆಕ್ಕ ಮಾತ್ರ ಕರಾರುವಾಕ್ಕು. ಅದಕ್ಕೆ ಮಕ್ಕಳನ್ನು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆವು. ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿದ್ದರು ಎಂಬ ಪತ್ರ ಬರುತ್ತಿತ್ತು. ಊರು ಬಿಟ್ಟು ಹೋಗಿ ಮಾಡಿದ ಕೆಲಸಕ್ಕೆ ಕಾಗದ ಇದೆ. ಮನೆಯ ಹಿತ್ತಿಲಲ್ಲಿ ಮಾಡಿದ್ದಕ್ಕೆ ನಮ್ಮ ಮಾತೇ ಕಾಗದ.

ಈ ಮಾತು ಹೇಳುವಾಗ ನನ್ನ ಕಣ್ಣೆದುರು ಬರುವುದು ಒಂದು ಬಾಗಿಲು. ಎರಡು ರೆಕ್ಕೆಯ, ಕೆಳಗಿನ ಅರ್ಧ ಸ್ಟ್ರೆಚರ್ ತಾಗಿ ತಾಗಿ ಬಣ್ಣ ಹೋದ ಹೆರಿಗೆ ಕೋಣೆಯ ಬಾಗಿಲು. ಅದರ ಹೊರಗೊಂದು ಸಿಮೆಂಟಿನ ಕಟ್ಟೆ. ಆ ಕಾಲದಲ್ಲಿ ನಮ್ಮ ಗಂಡು ಹುಡುಗರ ಹೆರಿಗೆ ಪೋಸ್ಟಿಂಗ್ ಎಂದರೆ ಆ ಕಟ್ಟೆ. ಕೆಲವರು ಕಂಪ್ಲಿಯವರು, ಕೆಲವರು ಸಿರುಗುಪ್ಪದವರು, ಒಬ್ಬಿಬ್ಬರು ರಾಯಚೂರಿನ ಕಡೆಯವರು; ಬಿಳಿ ಅಂಗಿ ಹಾಕಿಕೊಂಡು ಮದುವೆ ಮನೆಯ ಅಪರಿಚಿತರಂತೆ ಸಾಲಾಗಿ ಕುಳಿತಿರುತ್ತಿದ್ದರು. ಬ್ಲಡ್ ಬ್ಯಾಂಕಿಗೆ ಓಡುವುದು, ಔಷಧ ತರುವುದು, ಟ್ರಾಲಿ ತಳ್ಳುವುದು ಅವರ ಪಾಲು. ಒಳಗೆ ಹೋಗುವುದು ಹುಡುಗಿಯರು. ಒಳಗಿರುವ ಹೆಣ್ಣುಮಗಳ ತಾಯಿ, ಅತ್ತೆ ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತಿರುತ್ತಿದ್ದರು. ಗಂಡು ಹುಡುಗನೊಬ್ಬ ಬಾಗಿಲ ಕಡೆ ಎದ್ದರೆ ಸಾಕು, ಅವರ ದೃಷ್ಟಿಯೂ ಎದ್ದು ನಿಲ್ಲುತ್ತಿತ್ತು. ಇನ್‌ಚಾರ್ಜ್ ಸಿಸ್ಟರ್ ಬೇಡ ಎಂದರೆ ನಾನು ಹೇಗೆ ಜಗಳವಾಡಲಿ? ಒಂದೇ ಮಂಚದಲ್ಲಿ ಇಬ್ಬರು ಮಲಗಿರುವ ಕೋಣೆಯಲ್ಲಿ ಮಾನ ಮುಚ್ಚಲು ಇದ್ದದ್ದು ಒಂದು ಪರದೆ, ಅದಕ್ಕೂ ನಾಲ್ಕು ಕೊಂಡಿ ಇರಲಿಲ್ಲ.

ಪತ್ರದ ಹುಡುಗ, ಬೆಲ್ಲಾರಿ-ಬಳ್ಳಾರಿಯವನು, ಆ ಕಟ್ಟೆಯ ಮೇಲೆ ಕುಳಿತವನೇ. ಒಂದು ದಿನ ನಾನು ಒಳಗಿಂದ ಬಂದಾಗ, “ಮೇಡಂ, ತಲೆ ಕಾಣಿಸಿತೇ?” ಎಂದ. ನಿನಗೆ ಹೇಗೆ ತಿಳಿಯಿತು ಎಂದೆ. “ಕೂಗು ಬದಲಾಯಿತಲ್ಲ. ಮೊದಲು ಅಳುತ್ತಿದ್ದರು, ಈಗ ಉಸಿರು ಕಟ್ಟಿ ಮುಕ್ಕರಿಯುತ್ತಿದ್ದಾರೆ.” ಎರಡನೆಯ ಹಂತ ಶುರುವಾದಾಗ ಸದ್ದು ಬದಲಾಗುವುದು ನಿಜ. ನಾನದನ್ನು ತರಗತಿಯಲ್ಲಿ ಹೇಳಿರಲಿಲ್ಲ. ಗೋಡೆಯ ಈಚೆಯಿಂದ ಅಷ್ಟನ್ನು ಕಲಿತವನು ಆಚೆ ಹೋಗಿದ್ದರೆ ಏನೇನು ಕಲಿಯುತ್ತಿದ್ದನೋ.

ಆಗ ಪದವಿಗೆ ಇಪ್ಪತ್ತು ಸಹಜ ಹೆರಿಗೆ ಮಾಡಿಸಿದ ದಾಖಲೆ ಬೇಕಿತ್ತು, ಕೇಸ್ ಬುಕ್ಕಿನಲ್ಲಿ. ಹುಡುಗಿಯರ ಪುಸ್ತಕ ನೋಡಿ, ಹೆಸರು ಬದಲಿಸಿ, ಮಗುವಿನ ತೂಕವನ್ನು ಐವತ್ತು ಗ್ರಾಂ ಆಚೀಚೆ ಮಾಡಿ, ಇವರು ಬರೆದರು. ಎಲ್ಲರಿಗೂ ಗೊತ್ತಿತ್ತು. ಪರೀಕ್ಷಕರಿಗೂ ಗೊತ್ತಿತ್ತು, ಅವರದೇ ಕಾಲೇಜಿನಲ್ಲೂ ಅದೇ ಆಗಿತ್ತು. ಅವನ ಇಪ್ಪತ್ತು ಪುಟದ ಕೆಳಗೂ ನನ್ನ ಸಹಿ ಇದೆ. ಎಂಟು ವರ್ಷದ ನಂತರ ಅಮೆರಿಕದ ನಮೂನೆಯ ಆ ಕಾಲಂಗೆ ಬಂದಾಗ ನಾನು 90 ಬರೆದೆ, 180 ಬರೆದೆ. ಕೈ ನಡುಗಿತು ಎಂದೇನೂ ಬರೆಯುವುದಿಲ್ಲ. ನಡುಗಲಿಲ್ಲ. ಹೊರಗೆ ಊಟದ ಗಂಟೆಯಾಗಿತ್ತು, ಒಗ್ಗರಣೆ-ಮಿರ್ಚಿ ತರಿಸಿದ್ದರು, ತಣ್ಣಗಾಗುವ ಮೊದಲು ಮುಗಿಸಬೇಕಿತ್ತು.

ಅವನು ಹೈದರಾಬಾದಿಗೆ ಹೋಗಿ ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಬರೆದ. ಆ ಪರೀಕ್ಷೆಯ ರೀತಿ ವಿಚಿತ್ರ. ಸರಿ ಉತ್ತರ ಕೊಟ್ಟಷ್ಟೂ ಕಂಪ್ಯೂಟರ್ ಕಷ್ಟದ ಪ್ರಶ್ನೆ ಕೇಳುತ್ತದೆ, ತಪ್ಪಿದರೆ ಸುಲಭದ್ದು. ನೀವು ಇಷ್ಟೇ ಎಂದು ಅದಕ್ಕೆ ಖಾತ್ರಿಯಾದಾಗ ತಾನೇ ನಿಂತುಬಿಡುತ್ತದೆ. 85 ಪ್ರಶ್ನೆಗೂ ನಿಲ್ಲಬಹುದು, 150ರವರೆಗೂ ಎಳೆಯಬಹುದು. ಇವನದು ಬೇಗ ನಿಂತಿತು. ಫೇಲಾದೆ ಎಂದುಕೊಂಡು ನಿಲ್ದಾಣದಲ್ಲಿ ಚಹಾ ಕೂಡ ಕುಡಿಯದೆ ರೈಲು ಹತ್ತಿದನಂತೆ. ಪಾಸಾಗಿದ್ದ. ಬಾಣಂತಿಯ ರಕ್ತಸ್ರಾವದ ಮೇಲೆ ಪ್ರಶ್ನೆ ಬಂದಿತ್ತಂತೆ, ಪುಸ್ತಕದಲ್ಲಿ ಓದಿದ್ದನ್ನು ಬರೆದನಂತೆ. ಅರ್ಹತೆ ಸಿಕ್ಕಿತು, ವೀಸಾ ಸಿಕ್ಕಿಲ್ಲ. ಭಾರತೀಯರ ಸಾಲು ಹತ್ತು ವರ್ಷಕ್ಕೂ ಉದ್ದವಿದೆ. ಸದ್ಯ ಬೆಂಗಳೂರಿನಲ್ಲಿ ಡಯಾಲಿಸಿಸ್ ಘಟಕದಲ್ಲಿದ್ದಾನೆ. ಮಗಳು ಹುಟ್ಟಿದ ಸುದ್ದಿ ಹೇಳಲು ಫೋನ್ ಮಾಡಿದಾಗ, “ಈ ಸಲವೂ ಹೊರಗೇ ನಿಂತಿದ್ದೆ ಮೇಡಂ, ಒಳಗೆ ಬಿಡಲಿಲ್ಲ” ಎಂದು ನಕ್ಕ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಥೆ ನಮ್ಮ ಮನೆಯಲ್ಲೇ ಇದೆ. ನನ್ನ ನಾದಿನಿಯ ಮಗಳು ಜಿಎನ್ಎಂ, ಅಂದರೆ ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿಯ ಡಿಪ್ಲೊಮಾ ಓದಿದವಳು, ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಒಂದು ಸಣ್ಣ ನರ್ಸಿಂಗ್ ಶಾಲೆಯಲ್ಲಿ. ಓದು ಮುಗಿದ ಮೇಲೆ ಗುತ್ತಿಗೆ ನರ್ಸಾಗಿ ಏಳು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದಳು. ಹೆಚ್ಚಿನದು ರಾತ್ರಿ ಪಾಳಿ. ಭತ್ತದ ನಾಟಿಯ ಕಾಲಕ್ಕೆ ಗದ್ದೆಯಿಂದಲೇ ಟ್ರ್ಯಾಕ್ಟರಿನಲ್ಲಿ ಬಂದು ಹೆತ್ತವರಿದ್ದಾರೆ, ಕಾಲಿನ ಕೆಸರು ಇವಳೇ ತೊಳೆದಿದ್ದಾಳೆ. ಎಷ್ಟು ಹೆರಿಗೆ ಮಾಡಿಸಿದ್ದೀಯೆ ಎಂದರೆ, “ಮುನ್ನೂರರ ನಂತರ ಎಣಿಸಲಿಲ್ಲ ಅತ್ತೆ” ಎನ್ನುತ್ತಾಳೆ. ಅವಳಿಗೆ ಅಮೆರಿಕಕ್ಕೆ ಅರ್ಜಿ ಹಾಕುವ ಮನಸ್ಸಾಯಿತು. ಆಗ ಗೊತ್ತಾಯಿತು, ಗಂಟೆ ಬರೆದುಕೊಡಬೇಕಾದ ಶಾಲೆಯೇ ಇಲ್ಲ. ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾವಿಬ್ಬರೂ ಶಾಲೆಯ ಹಿಂದಿನ ಕಾರ್ಯದರ್ಶಿಗಳನ್ನು ಹುಡುಕಿಕೊಂಡು ಹೋದೆವು. ಈಗ ಅಕ್ಕಿ ಗಿರಣಿ ನಡೆಸುತ್ತಾರೆ. ಒಳ್ಳೆಯ ಮನುಷ್ಯ, ಮೊದಲು ಮಜ್ಜಿಗೆ ಕೊಡಿಸಿದರು. ಶಾಲೆಯ ಸಾಮಾನುಗಳೆಲ್ಲ ಗಿರಣಿಯ ಹಿಂದಿನ ಗೋದಾಮಿನಲ್ಲಿದ್ದವು. ಬಾಗಿಲು ತೆರೆದರೆ ಭತ್ತದ ಚೀಲಗಳ ನಡುವೆ ಒಬ್ಬರು ಮಲಗಿದ್ದಾರೆ. ನಾನು ಒಂದು ಹೆಜ್ಜೆ ಹಿಂದೆ ಬಂದೆ. ತರಬೇತಿಯ ಗೊಂಬೆ ಅದು. ಇಂಜೆಕ್ಷನ್ ಕೊಡಲು, ಬ್ಯಾಂಡೇಜು ಕಟ್ಟಲು ಕಲಿಸುತ್ತಾರಲ್ಲ, ಆ ಆಳುದ್ದದ ರಬ್ಬರ್ ಗೊಂಬೆ. ಒಂದು ಕೈ ಇರಲಿಲ್ಲ, ಮೈಮೇಲೆ ಬೆರಳು ಗಾತ್ರ ತೌಡಿನ ಧೂಳು. ಇವಳು ಹತ್ತಿರ ಹೋಗಿ ಗುರುತು ಹಿಡಿದಳು. ಮುಖದ ಧೂಳನ್ನು ಸೆರಗಿನಿಂದ ಒರೆಸಿದಳು, ರೋಗಿಯ ಮುಖ ಒರೆಸಿದ ಹಾಗೆಯೇ, ಕಣ್ಣಿನ ಒಳಮೂಲೆಯಿಂದ ಹೊರಗೆ.

ಕಾಗದಗಳು ಎರಡು ಗೋಣಿಚೀಲದಲ್ಲಿದ್ದವು. ಶುಲ್ಕದ ರಸೀದಿ ಪುಸ್ತಕಗಳು ಮಾತ್ರ ಸುರಕ್ಷಿತ. ಹಾಜರಾತಿ ಪುಸ್ತಕಗಳಿಗೆ ಗೆದ್ದಲು ಹತ್ತಿತ್ತು. ಅವುಗಳ ನಡುವೆ ಮಡಚಿಟ್ಟ ಒಂದು ಡ್ರಾಯಿಂಗ್ ಹಾಳೆ: ಅವಳ ತಂಡದ ರೊಟೇಷನ್ ಪ್ಲಾನ್. ಬಣ್ಣದ ಪೆನ್ಸಿಲಿನಲ್ಲಿ ಚೌಕ ಚೌಕ, ಕೆಂಪು ಎಂದರೆ ಹೆರಿಗೆ ಕೋಣೆ, ನೀಲಿ ಮಕ್ಕಳ ವಾರ್ಡು, ಹಸಿರು ಸಮುದಾಯ ಆರೋಗ್ಯ. ಅವಳು ತನ್ನ ರೋಲ್ ನಂಬರಿನ ಮೇಲೆ ಬೆರಳಿಟ್ಟು ಅಡ್ಡಕ್ಕೆ ಎಳೆಯುತ್ತ ಹೋದಳು. ಮೊದಲ ಮೂರು ತಿಂಗಳನ್ನು ಗೆದ್ದಲು ತಿಂದಿತ್ತು. ಆಮೇಲೆ ಕೆಂಪು, ಕೆಂಪು, ನೀಲಿ. ಅದನ್ನು ಬರೆದ ಪ್ರಾಂಶುಪಾಲೆ ಕೇರಳದವರು. ಫೋನ್ ನಂಬರ್ ಸಿಕ್ಕಿತು. ಮಾತಾಡಿಸಿದರೆ ಅವರಿರುವುದು ಐರ್ಲೆಂಡಿನಲ್ಲಿ, ಅವರೂ ಅಲ್ಲಿ ವಾರ್ಡ್ ನರ್ಸು! ಇವಳ ಗಂಟೆಗೆ ಸಾಕ್ಷಿ ಹೇಳಬೇಕಾದವರು ತಮ್ಮ ಗಂಟೆಯ ಲೆಕ್ಕ ಒಪ್ಪಿಸಿ ಆಗಲೇ ದಾಟಿಹೋಗಿದ್ದರು. ಪಾಪ, ಸಹಾಯ ಮಾಡುವ ಮನಸ್ಸಿತ್ತು. ಇಲ್ಲದ ಶಾಲೆಯ ಪರವಾಗಿ ಅವರಾದರೂ ಯಾವ ಸೀಲು ಒತ್ತಿಯಾರು?

ಸೀಲು ಕಾರ್ಯದರ್ಶಿಗಳ ಮೇಜಿನ ಖಾನೆಯಲ್ಲಿತ್ತು. “ತಂಗಿ, ಎಷ್ಟು ಗಂಟೆ ಬೇಕೋ ನೀವೇ ಬರೆದುಕೊಳ್ಳಿ, ನಾನು ಒತ್ತಿ ಕೊಡುತ್ತೇನೆ” ಎಂದರು. ಕಪಟವಿರಲಿಲ್ಲ, ಮಜ್ಜಿಗೆ ಕೊಟ್ಟಷ್ಟೇ ಸಹಜವಾಗಿ ಹೇಳಿದರು. ನಾನು ಸುಮ್ಮನಿದ್ದೆ. ಹುಡುಗನಿಗೆ ಇಲ್ಲದ್ದನ್ನು ಬರೆದುಕೊಟ್ಟವಳಿಗೆ, ಇವಳಿಗೆ ಇದ್ದದ್ದನ್ನೇ ಬರೆದುಕೊಳ್ಳಲು ಬೇಡವೆನ್ನುವ ಬಾಯಿ ಎಲ್ಲಿಂದ ಬರಬೇಕು? ಅವಳೇ ಬೇಡವೆಂದಳು. ಹೊರಗೆ ಬಂದ ಮೇಲೆ ಕಾರಣ ಕೇಳಿದೆ. “ಅವರು ನಾಳೆ ಶಾಲೆಗೆ ಫೋನ್ ಮಾಡಿದರೆ ಗಿರಣಿಯಲ್ಲಿ ಎತ್ತುತ್ತಾರೆ ಅತ್ತೆ. ಸೋನಾಮಸೂರಿ ಕ್ವಿಂಟಲಿಗೆ ಎಷ್ಟು ಎಂದು ಹೇಳುತ್ತಾರೆ.”

ಅಮೆರಿಕ ಮುಚ್ಚಿತು. ಬ್ರಿಟನ್ ತೆರೆದಿತ್ತು. ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2019ರಲ್ಲಿ ತನ್ನ ಪದ್ಧತಿಯನ್ನು ಸರಳ ಮಾಡಿತು. ಗಂಟೆ ಗಂಟೆಯ ಲೆಕ್ಕದ ಗೊಡವೆ ಹೋಯಿತು. ನಿನ್ನ ದೇಶದ ನೋಂದಣಿ ಸಾಚಾ ಇದೆಯೇ, ಇಂಗ್ಲಿಷ್ ಬರುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಯಲ್ಲಿ ಮಾಡಿ ತೋರಿಸುವ ಇನ್ನೊಂದು, ಓಸ್ಕಿ. ಎಲ್ಲಿ ಕಲಿತೆ ಎನ್ನುವುದಕ್ಕಿಂತ ಈಗ ಏನು ಬರುತ್ತದೆ ತೋರಿಸು ಎನ್ನುವ ರೀತಿ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಗಂಟೆಗಳನ್ನು ಕೇಳುವವರನ್ನೂ ಬಯ್ಯಲಾರೆ. ಅವರು ಕೇಳುವ ಪ್ರಶ್ನೆ ಸರಿಯಾದದ್ದೇ, ಸುಳ್ಳು ನಮ್ಮ ಕಡೆಯದು. ಆದರೂ ನನ್ನಂಥವರು ಪೆನ್ನು ಹಿಡಿದಿರುವವರೆಗೆ ಆ ಕಾಲಂ ಹಿಡಿಯುವುದು ಶಾಲೆ ಕಳೆದುಕೊಂಡವರನ್ನು, ಕಲಿಯದವರನ್ನಲ್ಲ.

ಇಂಗ್ಲಿಷ್ ಪರೀಕ್ಷೆ ಅವಳನ್ನು ಒಂದೂವರೆ ವರ್ಷ ಸತಾಯಿಸಿತು. ಹತ್ತನೆಯವರೆಗೆ ಕನ್ನಡ ಮಾಧ್ಯಮದವಳು. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿ ತೆಗೆದುಕೊಂಡಳು. ಬ್ರಿಟನ್ನಿಗೆ ಅದರಲ್ಲಿ ಓದು, ಕೇಳು, ಮಾತು ಮೂರಕ್ಕೂ ಬಿ ಬೇಕು, ಬರವಣಿಗೆಗೆ ಸಿ ಪ್ಲಸ್ ಸಾಕು. ಬರವಣಿಗೆ ಎಂದರೆ ಒಬ್ಬ ರೋಗಿಯ ಬಗ್ಗೆ ಇನ್ನೊಬ್ಬರಿಗೆ ಕಾಗದ. ಎರಡು ಸಲ ಸಿ ಬಂತು. ನಾನು ತಿದ್ದಿಕೊಟ್ಟ ಕಾಗದಗಳೇ ಅವು, ಆದ್ದರಿಂದ ಅರ್ಧ ಸೋಲು ನನ್ನದು. ರೋಗಿಯ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯುತ್ತಿದ್ದಳು. ಓದುವವರಿಗೆ ಬೇಡವಾದದ್ದನ್ನು ಬಿಡುವುದೇ ಆ ಪರೀಕ್ಷೆಯ ಗುಟ್ಟು ಎಂದು ನಮ್ಮಿಬ್ಬರಿಗೂ ತಡವಾಗಿ ಹೊಳೆಯಿತು. ಮೂರನೆಯ ಸಲ ಆಯಿತು.

ಓಸ್ಕಿಯಲ್ಲಿ ಹತ್ತು ಸ್ಟೇಷನ್ನುಗಳು, ಒಂದೊಂದರಲ್ಲೂ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ 12 ವಾರದೊಳಗೆ ಮೊದಲ ಪ್ರಯತ್ನ ಮಾಡಬೇಕು ಎಂದು ಇಲ್ಲಿಂದಲೇ ಅಭ್ಯಾಸ ಶುರುಮಾಡಿದಳು. ನಮ್ಮ ಪಡಸಾಲೆಯೇ ವಾರ್ಡು, ರೋಗಿ ನಮ್ಮ ಅತ್ತೆಯವರು, ಎಂಬತ್ತೆರಡರ ಅವಳ ಅಜ್ಜಿ. ಮೊದಲು ಕೈ ತೊಳೆಯುವ ನಟನೆ. ನಂತರ ತನ್ನ ಹೆಸರು ಹೇಳಿ, ನಿಮ್ಮನ್ನು ಏನೆಂದು ಕರೆಯಲಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಅಜ್ಜಿಗೆ ನಾನು ಕನ್ನಡದಲ್ಲಿ ಹೇಳಬೇಕು. “ಎತ್ತಿ ಆಡಿಸಿದ ಅಜ್ಜಿಯನ್ನು ಏನೆಂದು ಕರೆಯಲಿ ಎಂದು ಕೇಳುತ್ತಾಳಲ್ಲ, ಇವಳಿಗೇನಾಗಿದೆ?” ಎಂದು ಅವರಿಗೆ ನಿಜವಾಗಿಯೂ ಗಾಬರಿ. ಮುಟ್ಟುವ ಮೊದಲು ಅನುಮತಿ ಕೇಳಬೇಕು, ಕೈಪಟ್ಟಿಯ ಮೇಲಿನ ಹೆಸರು ನೋಡಬೇಕು. ಕೈಪಟ್ಟಿ ಎಂದರೆ ಅಜ್ಜಿ ಹಸಿರು ಗಾಜಿನ ಬಳೆಯ ಕೈ ಮುಂದೆ ಚಾಚುತ್ತಿದ್ದರು. ನಮ್ಮ ವಾರ್ಡುಗಳಲ್ಲಿ ಇದೆಲ್ಲ ಇಲ್ಲ. ಯಾರೇ ಇರಲಿ, ಅವ್ವಾ ಎನ್ನುತ್ತೇವೆ, ಅಜ್ಜಾ ಎನ್ನುತ್ತೇವೆ, ತೋಳು ಹಿಡಿದು ಸೂಜಿ ಚುಚ್ಚಿಬಿಡುತ್ತೇವೆ. ಆ ಒಂದು ಪದದಲ್ಲಿ ಅನುಮತಿಯೂ ಬಂತು ಎಂದುಕೊಂಡಿದ್ದೇವೆ. ಬಂದಿದೆಯೇ ಎಂದು ಇವಳ ಅಭ್ಯಾಸ ನೋಡುವಾಗ ಮೊದಲ ಸಲ ಅನುಮಾನವಾಯಿತು. ಗಂಡು ಹುಡುಗರನ್ನು ಒಳಗೆ ಬಿಡಬೇಕೇ ಎಂದು ಸಿಸ್ಟರ್ ಹೇಳಿದರು, ಅತ್ತೆಯಂದಿರು ಕಣ್ಣಲ್ಲೇ ಹೇಳಿದರು, ನಾನೂ ತೀರ್ಮಾನಿಸಿದೆ. ಮಂಚದ ಮೇಲಿದ್ದವಳನ್ನು ಒಂದು ದಿನವೂ ಯಾರೂ ಕೇಳಲಿಲ್ಲ.

ಈಗ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ, ವೃದ್ಧರ ವಾರ್ಡಿನಲ್ಲಿದ್ದಾಳೆ. ಮೊದಲ ತಿಂಗಳ ಫೋನುಗಳಲ್ಲಿ ಅಳು ಇತ್ತು. ಚಳಿಗಲ್ಲ, ಊಟಕ್ಕೂ ಅಲ್ಲ. ರೋಗಿಯನ್ನು ತೊಳೆಯುವುದು, ಹಲ್ಲು ಉಜ್ಜಿಸುವುದು, ಉಣಿಸುವುದು, ಮಗ್ಗಲು ಹೊರಳಿಸುವುದು ಅಲ್ಲಿ ನರ್ಸಿನ ಮತ್ತು ಅವಳ ಸಹಾಯಕರ ಕೆಲಸ. ನಮ್ಮಲ್ಲಿ ಅದನ್ನು ಮನೆಯವರು ಮಾಡುತ್ತಾರೆ. ಬಳ್ಳಾರಿಯ ಯಾವ ವಾರ್ಡಿಗೆ ಹೋದರೂ ಮಂಚದ ಪಕ್ಕದಲ್ಲಿ ಚಾಪೆ, ಚಾಪೆಯ ಮೇಲೆ ಒಬ್ಬ ಮಗಳೋ ಸೊಸೆಯೋ ಇರುತ್ತಾರೆ. ನಲವತ್ತು ಜನರಿಗೆ ಒಬ್ಬ ಸಿಸ್ಟರ್ ಆ ವಾರ್ಡು ನಡೆಸುವುದು ಆ ಚಾಪೆಗಳ ಬಲದಿಂದ. ಹಾಸಿಗೆ ಸ್ನಾನ ಮಾಡಿಸುವುದನ್ನು ಮೊದಲ ವರ್ಷದಲ್ಲಿ ಗೊಂಬೆಯ ಮೇಲೆ ಕಲಿಸುತ್ತೇವೆ, ಅಂಕ ಕೊಡುತ್ತೇವೆ, ಆಮೇಲೆ ಮರೆಯುತ್ತೇವೆ. ಗಂಟೆಗಳನ್ನು ಎಷ್ಟೇ ಪ್ರಾಮಾಣಿಕವಾಗಿ ಬರೆದರೂ ಆ ಚಾಪೆ ಯಾವ ಕಾಲಮ್ಮಿನಲ್ಲೂ ಬರುವುದಿಲ್ಲ.

ಅವಳ ನೋಂದಣಿಯ ವಿಷಯವೂ ಹೇಳಬೇಕು. ಇಲ್ಲಿ ಅವಳು ನರ್ಸ್ ಹಾಗೂ ಸೂಲಗಿತ್ತಿ, ಆರ್‌ಎನ್-ಆರ್‌ಎಂ ಎಂದು ಎರಡನ್ನೂ ಒಟ್ಟಿಗೆ ಬರೆದು ಕೊಡುತ್ತಾರೆ. ಬ್ರಿಟನ್ನಿನಲ್ಲಿ ಅವು ಎರಡು ಬೇರೆ ವೃತ್ತಿ. ಮಿಡ್‌ವೈಫ್ ಆಗಲು ಬೇರೆ ನೋಂದಣಿ, ಬೇರೆ ಪರೀಕ್ಷೆ. ಮುನ್ನೂರರ ನಂತರ ಎಣಿಸದೆ ಬಿಟ್ಟವಳು ಅಲ್ಲಿ ವಯಸ್ಕರ ನರ್ಸು ಮಾತ್ರ. “ಹೆರಿಗೆ ವಿಭಾಗಕ್ಕೆ ಹೋಗಿ ನೋಡಿದೆಯಾ?” ಎಂದು ಕೇಳಿದೆ. ಆ ಬಾಗಿಲಿಗೆ ಕಾರ್ಡು ಬೇಕು, ತನ್ನ ಕಾರ್ಡಿಗೆ ಅದು ತೆರೆಯುವುದಿಲ್ಲ ಎಂದಳು.

ಈ ವರ್ಷ ನನ್ನ ತರಗತಿಯಲ್ಲಿ ಒಂಬತ್ತು ಗಂಡು ಹುಡುಗರಿದ್ದಾರೆ. ಹೊಸ ಇನ್‌ಚಾರ್ಜ್ ಸಿಸ್ಟರ್ ಬಳಿ ಮಾತಾಡಿ ಒಂದು ಒಪ್ಪಂದಕ್ಕೆ ಬಂದಿದ್ದೇನೆ. ಒಮ್ಮೆಗೆ ಇಬ್ಬರು, ಮಂಚದ ಮೇಲಿರುವವಳು ಒಪ್ಪಿದರೆ ಮಾತ್ರ. ಕೇಳುವುದು ಹುಡುಗಿಯರು, ಕೆಲವರಿಗೆ ಕನ್ನಡದಲ್ಲಿ, ಗಡಿಯಾಚೆಯಿಂದ ಬಂದವರಿಗೆ ತೆಲುಗಿನಲ್ಲಿ. ಹೆಚ್ಚಿನವರು ಬೇಡ ಎನ್ನುತ್ತಾರೆ. ಕೆಲವರು ನೋವಿನ ನಡುವೆ, ಯಾರಾದರೂ ಬರಲಿ, ಬೇಗ ಮುಗಿಸಿ ಎಂದಿದ್ದಾರೆ. ಅದನ್ನು ಒಪ್ಪಿಗೆ ಎಂದು ಹಿಡಿಯಬೇಡಿ ಎಂದು ಹುಡುಗಿಯರಿಗೆ ಹೇಳಿದ್ದೇನೆ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಎರಡನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಎಲ್ಲರಿಗಿಂತ ಹೆಚ್ಚು ಒಳಗಿದ್ದವನದು ಇದುವರೆಗೆ ಹದಿನಾರು ಗಂಟೆ. ಪ್ರಾಂಶುಪಾಲರಿಗೆ ಪುಸ್ತಕ ತೋರಿಸಿದೆ. ಪುಟ ಮಗುಚಿ ನೋಡಿದರು. “ಒಳ್ಳೆಯ ಕೆಲಸ ಮೇಡಂ. ಆದರೆ ಇದು ನಿಮ್ಮ ಮನೆಯಲ್ಲಿರಲಿ. ತಪಾಸಣೆಯವರು ಹದಿನಾರು ಎಂದು ನೋಡಿದರೆ ಹುಡುಗನೂ ಹೋಗುತ್ತಾನೆ, ಕಾಲೇಜೂ ಹೋಗುತ್ತದೆ” ಎಂದರು. ಪುಸ್ತಕ ಈಗ ನಮ್ಮ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗಿದೆ.

ಕಳೆದ ಸೋಮವಾರ ಇನ್ನೊಂದು ನಮೂನೆ ಬಂತು. ಅದೇ 2012ರ ತಂಡದವನು, ಅದೇ ಕಟ್ಟೆಯ ಮೇಲೆ ಕುಳಿತವನು. ಆ ತಂಡಕ್ಕೆ ನೋಟುಪುಸ್ತಕವಿಲ್ಲ. 90 ಬರೆದೆ, 180 ಬರೆದೆ, ಲಕೋಟೆಯ ಬಾಯಿಗೆ ಅಂಟು ಹಚ್ಚಿ ಸೀಲು ಒತ್ತಿದೆ. ಊರಿನ ಹೆಸರನ್ನು ಮಾತ್ರ ಈ ಸಲ ಎರಡೂ ಕಾಗುಣಿತದಲ್ಲಿ ಬರೆದಿದ್ದೇನೆ.